ಬೀಸಿದ ಮಾತು

ಆ ಹೆಂಗಸು ಸರಿಯಾದ ಮಾತನ್ನೇ ಹೇಳಿದ್ದಳು. ಬಬಲೇಶ್ವರದ ನಮ್ಮ ಮೇಲ್ವಿಚಾರಕಿ ಅದನ್ನು ಲೆಕ್ಕಕ್ಕೆ ಹಾಕಿದಳು, ಇಪ್ಪತ್ತೇಳು ಬಂತು. ಹುಡುಗಿಗೆ ಕೊಟ್ಟಿದ್ದ ಅಂಕಿಯೂ ಇಪ್ಪತ್ತೇಳೇ. ಮಾತು ಕೂಡಿತ್ತು, ತಾಯಿ ಎದುರಿಗೆ ನಿಂತಿದ್ದಳು, ಕೊಡಬೇಕಾದ ಹುಡುಗಿ ಮಾತ್ರ ಅಲ್ಲಿರಲಿಲ್ಲ. ಕೆಲವು ವಾರ ಮೊದಲೇ ಇನ್ನೊಬ್ಬರು ಬಂದು, ಅದೇ ಇಪ್ಪತ್ತೇಳನ್ನು ಕೂಡಿಸಿ, ಆಕೆಯನ್ನು ಕರೆದುಕೊಂಡು ಹೋಗಿದ್ದರು.

ಇದು ಎಪ್ಪತ್ತರ ದಶಕದ ಸಂಗತಿ. ಈಗಿನ ವಿಜಯಪುರವನ್ನು ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು. ಸ್ಟೇಷನ್ ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲೆ ನಮ್ಮ ಸಂಸ್ಥೆಯ ಕಚೇರಿ ಇತ್ತು. ಕಬ್ಬು ಕಡಿಯಲು ಪಡುವಣ ಸೀಮೆಗೆ ಹೋಗುವವರ ಮಕ್ಕಳನ್ನು ಹಂಗಾಮು ಮುಗಿಯುವ ತನಕ ಇಟ್ಟುಕೊಂಡು, ಊಟ ಹಾಕಿ, ಸಾಲಿಗೆ ಕಳಿಸುವುದು ನಮ್ಮ ಕೆಲಸ. ತಿಕೋಟಾದಲ್ಲಿ ಒಂದು ವಸತಿ, ಬಬಲೇಶ್ವರದಲ್ಲಿ ಇನ್ನೊಂದು. ಎರಡಕ್ಕೂ ಬಸ್ಸಿನಲ್ಲಿ ಓಡಾಡಿ ಉಸ್ತುವಾರಿ ನೋಡುವವಳು ನಾನು. ಗಣಿತದಲ್ಲಿ ಪದವಿ ಮುಗಿಸಿದ್ದೆ, ಬಾಯಿ ಸ್ವಲ್ಪ ಜೋರು. ಮಕ್ಕಳೂ ದೊಡ್ಡವರೂ ನನ್ನನ್ನು ಮೇಡಂ ಎನ್ನುವ ಬದಲು ಬಾಯಾರ ಎಂದೇ ಕರೆಯುತ್ತಿದ್ದರು.

ಮಕ್ಕಳನ್ನು ಇಟ್ಟುಕೊಳ್ಳುವುದಕ್ಕಿಂತ ತಿರುಗಿ ಒಪ್ಪಿಸುವುದು ಕಷ್ಟದ ಕೆಲಸ. ಹಂಗಾಮಿನ ನಡುವೆ ಕಡಿಯುವ ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮ ತಾಯಿ ತಂದೆಯರನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ಏನಾದರೂ ಆದರೆ ಅಜ್ಜನೋ ಸೋದರಮಾವನೋ ಬಂದು ಮಗುವನ್ನು ಕೇಳುತ್ತಿದ್ದರು. ಇವರು ನಿಜವಾಗಿ ಅಜ್ಜನೇ ಎಂದು ನಂಬುವುದು ಹೇಗೆ? ತಾಯಿಯ ಹೆಬ್ಬೆಟ್ಟಿನ ಗುರುತು ಅಜ್ಜನ ಕೈಯಲ್ಲಿ ಬರುವುದಿಲ್ಲ. ಅದಕ್ಕೇ ಒಂದು ಮಾತು. ಬಿಟ್ಟು ಹೋಗುವಾಗ ತಾಯಿ ಒಂದು ಶಬ್ದ ಹೇಳಬೇಕು, ಕರೆಯಲು ಬಂದವರು ಅದೇ ಶಬ್ದ ಹೇಳಬೇಕು. ಮೊದಲ ವರ್ಷ ಆ ಶಬ್ದಗಳನ್ನು ಹಾಗೆಯೇ ಬರೆದಿಟ್ಟೆವು. ಅಡುಗೆಯವಳಿಂದ ಹಿಡಿದು ಹಾಲಿನವನ ತನಕ ಎಲ್ಲರಿಗೂ ಎಲ್ಲರ ಮಾತೂ ಗೊತ್ತಾಗಿ ನಗೆಪಾಟಲಾಯಿತು.

ಆಗ ನಮ್ಮ ಕಾರ್ಯದರ್ಶಿಗಳು ಒಂದು ಯುಕ್ತಿ ತೆಗೆದರು. ಅವರು ನಿವೃತ್ತ ಗಣಿತ ಮಾಸ್ತರರು. ಶಬ್ದವನ್ನು ಬರೆಯಬೇಡಿ, ಅದರಿಂದ ಒಂದು ಅಂಕಿ ಮಾಡಿ ಅಂಕಿಯನ್ನಷ್ಟೇ ಇಡಿ ಎಂದರು. ಲೆಕ್ಕ ಹೀಗಿತ್ತು: ವರ್ಣಮಾಲೆಯಲ್ಲಿ ಕ ಒಂದು, ಖ ಎರಡು, ಹೀಗೆ ಳ ತನಕ ಮೂವತ್ತನಾಲ್ಕು. ಸ್ವರಗಳಿಗೂ ಬೇರೆ ಅಂಕಿಗಳು. ಶಬ್ದದ ಮೊದಲ ಅಕ್ಷರದ ಅಂಕಿಯನ್ನು ಒಂದರಿಂದ, ಎರಡನೆಯದನ್ನು ಎರಡರಿಂದ, ಮೂರನೆಯದನ್ನು ಮೂರರಿಂದ ಗುಣಿಸಿ ಕೂಡಿಸುವುದು. ಬಂದ ಮೊತ್ತವನ್ನು ತೊಂಬತ್ತೇಳರಿಂದ ಭಾಗಿಸಿ, ಉಳಿದ ಶೇಷವನ್ನು ತಗಡಿನ ಬಿಲ್ಲೆಯ ಮೇಲೆ ಕೊರೆದು ಮಗುವಿನ ಕೊರಳಿಗೆ ಕಟ್ಟುವುದು.

"ಜ್ವಾಳ ಬೀಸಿದ್ರ ಹಿಟ್ಟ ಆಗ್ತದ. ಹಿಟ್ಟಿನಿಂದ ಜ್ವಾಳ ಮಾಡಾಕ ಯಾರಿಗ್ಯಾದ್ರೂ ಆಗ್ತದೇನು?" ಎಂದು ಅವರು ಕೇಳಿದಾಗ ನಾನು ಮೆಚ್ಚಿ ತಲೆದೂಗಿದ್ದೆ. ಬಿಲ್ಲೆ ನೋಡಿದವರಿಗೆ ಮಾತು ಸಿಗುವುದಿಲ್ಲ, ಮಾತು ಗೊತ್ತಿದ್ದವರಿಗೆ ಬಿಲ್ಲೆ ಕೂಡುತ್ತದೆ. ನಮ್ಮ ವಸತಿಯ ಹೆಂಗಸರು ಆ ಲೆಕ್ಕವನ್ನು ಬೀಸೋದು ಎಂದೇ ಕರೆಯತೊಡಗಿದರು. ಜೊತೆಗೆ ಕಾರ್ಯದರ್ಶಿಗಳು ಒಂದು ಕಟ್ಟುನಿಟ್ಟು ಹಾಕಿದರು. ಬೀಸಿದ ಕೂಡಲೇ ಮಾತನ್ನು ಮರೆಯಬೇಕು, ಯಾರ ಮುಂದೆಯೂ, ನನ್ನ ಮುಂದೆಯೂ ಆಡಕೂಡದು.

ಆದರೆ ನಮ್ಮ ಕಡೆಯ ನಾಲಿಗೆ ಅವರ ಲೆಕ್ಕಕ್ಕೆ ಬಗ್ಗಲಿಲ್ಲ. ತಾಯಿ 'ಮನಿ' ಎಂದು ಹೇಳಿ ಹೋಗಿರುತ್ತಿದ್ದಳು. ಸಾಲಿ ಕಲಿತ ಅವಳ ತಮ್ಮ ಬಂದು ನಾಜೂಕಾಗಿ 'ಮನೆ' ಎನ್ನುತ್ತಿದ್ದ. ಅಂಕಿ ಬೇರೆ. ಹುಡುಗ ಮಾವನ ಕಾಲು ತಬ್ಬಿಕೊಂಡು ಅಳುತ್ತಿದ್ದರೂ ನಾವು ಕೊಡುವ ಹಾಗಿರಲಿಲ್ಲ. ಇಂಥವು ನಾಲ್ಕಾರು ಆದ ಮೇಲೆ ಕಚೇರಿಯಲ್ಲಿ ಸಭೆ ಸೇರಿದೆವು. "ಸ್ವರ ಅಂದ್ರ ಹೊಟ್ಟು, ಮೊರದಾಗ ಕೇರಿ ಬಿಡೂಣು" ಎಂದರು ಕಾರ್ಯದರ್ಶಿಗಳು. ಅಂದಿನಿಂದ ಸ್ವರಗಳನ್ನು ಬಿಟ್ಟು ವ್ಯಂಜನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆವು. ಒತ್ತಕ್ಷರಕ್ಕೂ ಒಂದೇ ಎಣಿಕೆ.

ಇನ್ನೊಂದು ತೊಡಕು ಉಳಿದಿತ್ತು. ನಮ್ಮ ಮಂದಿ ಗುಟ್ಟಿನ ಮಾತಿಗೂ 'ರಿ' ಹಚ್ಚದೆ ಬಿಡುವವರಲ್ಲ. ಕುರ್ಚಿಯ ಮೇಲೆ ಕೂತವರ ಎದುರು ಬರೀ 'ಮನಿ' ಎಂದರೆ ಮರ್ಯಾದೆ ಕಡಿಮೆಯಾದೀತೆಂದು 'ಮನೀರಿ' ಎನ್ನುತ್ತಿದ್ದರು. ಅದಕ್ಕೆ, ಕೊನೆಯಲ್ಲಿ ರಿ ಬಂದರೆ ತೆಗೆದು ಬೀಸಬೇಕು ಎಂದು ನಿಯಮವಾಯಿತು. ಆ ದಿನ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಕಳ್ಳಕವಟಗಿಯ ಆ ಹೆಂಗಸು ಗಂಡನನ್ನು ಕಳಕೊಂಡವಳು. ಎಂಟು ವರ್ಷದ ಒಬ್ಬಳೇ ಮಗಳು. ಗಂಡನ ಅಣ್ಣ, ಅಂದರೆ ಆಕೆಯ ಭಾವ, ಹುಡುಗಿಯನ್ನು ಮೀರಜ್ ಕಡೆ ಯಾರದೋ ಮನೆಯಲ್ಲಿ ಕೆಲಸಕ್ಕೆ ಇಡುತ್ತೇನೆಂದು ಜಗಳ ತೆಗೆಯುತ್ತಿದ್ದ. ಅವನಿಗೆ ಹೆದರಿಯೇ ಆಕೆ ಮಗಳನ್ನು ನಮ್ಮಲ್ಲಿ ಬಿಟ್ಟಿದ್ದಳು. ಕಳ್ಳಕವಟಗಿಯವರಿಗೆ ತಿಕೋಟಾ ಹತ್ತಿರ. ಆದರೆ ತಿಕೋಟಾದಲ್ಲಿ ಜಾಗ ತುಂಬಿತ್ತು, ಹುಡುಗಿಯನ್ನು ಬಬಲೇಶ್ವರಕ್ಕೆ ಕಳಿಸಿದೆವು. ತಿಕೋಟಾದ ವಸತಿಯನ್ನು ನೋಡಿಕೊಳ್ಳುತ್ತಿದ್ದವಳನ್ನು ಮಕ್ಕಳು ಖಾಲಾ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಜಗಳ ಯಾರ ಜೊತೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹುಡುಗಿ ಅವಳ ಕೈಯಲ್ಲಿದ್ದಿದ್ದರೆ ಆ ಭಾವ ಹೊಸ್ತಿಲು ದಾಟುತ್ತಿರಲಿಲ್ಲ. ಬಬಲೇಶ್ವರದವಳಿಗೆ ಅವನು ಯಾರೋ ಒಬ್ಬ ದೊಡ್ಡಪ್ಪ. ಹುಡುಗಿಯೂ "ಇಂವ ನಮ್ಮ ದೊಡ್ಡಪ್ಪ" ಎಂದಳಂತೆ. ಮಾತೂ ಕೂಡಿತು. ಕಳಿಸಿಬಿಟ್ಟಳು.

ಸಂಕ್ರಮಣಕ್ಕೆ ಬಿಡುವು ಸಿಕ್ಕಿತೆಂದು ತಾಯಿ ಮಗಳನ್ನು ನೋಡಲು ಬಂದಾಗಲೇ ಸಂಗತಿ ಬಯಲಾದದ್ದು. ಅಲ್ಲಿಂದ ಆಕೆ ನೆಟ್ಟಗೆ ಸ್ಟೇಷನ್ ರಸ್ತೆಯ ಕಚೇರಿಗೆ ಬಂದಳು. ಕೈಯಲ್ಲಿ ಮಗಳಿಗೆಂದು ತಂದ ಎಳ್ಳು ಬೆಲ್ಲದ ಗಂಟು ಹಾಗೇ ಇತ್ತು.

"ಬಾಯಾರ, ನಾ ಯಾರ ಮುಂದೂ ಹೇಳಿಲ್ರಿ. ನನ್ನ ಹಡದವ್ವನ ಮುಂದೂ ಹೇಳಿಲ್ಲ. ಅಂವಗ ಹೆಂಗ ತಿಳೀತ್ರಿ?"

ನಾನು ಕಾರ್ಯದರ್ಶಿಗಳ ಮುಖ ನೋಡಿದೆ. ಅವರು ಕನ್ನಡಕ ಒರೆಸಿಕೊಂಡರು. "ಎಲ್ಲ್ಯೋ ಬಾಯಿ ಬಿಟ್ಟಿರಬೇಕು ನೋಡವಾ. ನೆನಪ ಮಾಡ್ಕೊ. ಲೆಕ್ಕ ಸುಳ್ಳ ಹೇಳೂದಿಲ್ಲ" ಎಂದರು.

ಪೊಲೀಸರ ಹತ್ತಿರ ಹೋದೆವು. ಅವರು ಭಾವನನ್ನು ಕರೆಸಿ ವಿಚಾರಿಸಿದರು. ಅವನು ಕಣ್ಣು ಮಿಟುಕಿಸದೆ ಹೇಳಿದ: "ಆಕಿನ ಮಾತ ಹೇಳಿಕೊಟ್ಟ ಕಳಿಸ್ಯಾಳ್ರೀ. ರೊಕ್ಕಾನೂ ಇಸ್ಕೊಂಡಾಳ. ಈಗ ಮಂದಿ ಆಡ್ಕೋತಾರಂತ ನಾಟಕ ಮಾಡಾಕತ್ತಾಳ." ಹುಡುಗಿಯನ್ನು ಒಳ್ಳೆಯ ಮನೆಯಲ್ಲಿ ಬಿಟ್ಟಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ ಎಂದ. ಠಾಣೆಯ ಜಮಾದಾರರು ನನ್ನ ಕಡೆ ತಿರುಗಿದರು. "ನಿಮ್ಮ ಲೆಕ್ಕಾನ ಕೂಡೈತೆಲ್ರಿ ಬಾಯಾರ. ತಾಯಿನ ಕಳಿಸ್ಯಾಳ ಅಂದ ಮ್ಯಾಲ ನಾವೇನ್ ಹುಡುಕೂಣು?"

ಅಲ್ಲಿಗೆ ಎಲ್ಲವೂ ನಮ್ಮ ಇಪ್ಪತ್ತೇಳಕ್ಕೆ ಬಂದು ನಿಂತಿತು. ಆ ಅಂಕಿ ನಿಜವಾದರೆ ತಾಯಿ ಮಗಳನ್ನು ಮಾರಿದವಳು, ಹುಡುಕುವವರು ಯಾರೂ ಇಲ್ಲ. ಕಳ್ಳಕವಟಗಿಯಲ್ಲಿ ಆಗಲೇ ಹಾಗೆ ಮಾತು ಹಬ್ಬಿತ್ತು. ಬಾವಿಯ ಹತ್ತಿರ ಹೆಂಗಸರು ಆಕೆಯ ಕೊಡ ತಾಗದಂತೆ ತಮ್ಮ ಕೊಡ ಸರಿಸುತ್ತಿದ್ದರಂತೆ.

ನಾನು ಎಲ್ಲಿ ಸೋರಿತು ಎಂದು ಹುಡುಕಲು ಕುಳಿತೆ. ಮೊದಲು ನನ್ನ ಗುಮಾನಿ ಹೋದದ್ದು ಬಿಲ್ಲೆಗಳ ಮೇಲೆ. ಎರಡೂ ವಸತಿಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೊರಳು ನೋಡಿದೆ. ಒಂದೇ ಅಂಕಿ ಎಷ್ಟೋ ಕೊರಳಲ್ಲಿ ಇತ್ತು. ಯಾಕೆಂದು ಯೋಚಿಸಿದರೆ ತಲೆ ಬಿಸಿಯಾಯಿತು. ಗುಟ್ಟಿನ ಮಾತು ಹೇಳಿ ಎಂದರೆ ನಮ್ಮ ಮಂದಿ ಮನೆದೇವರ ಹೆಸರು ಹೇಳುತ್ತಾರೆ, ಇಡೀ ಓಣಿಗೆ ದೇವರು ಒಂದೇ. ಒಂದು ಮಾತಿಗೆ ಎಲ್ಲೆಲ್ಲೂ ಒಂದೇ ಅಂಕಿ. ನನ್ನ ಮಗುವಿನ ಬಿಲ್ಲೆಯಂಥದ್ದೇ ಬಿಲ್ಲೆ ನಿನ್ನ ಮಗುವಿನ ಕೊರಳಲ್ಲಿ ಕಂಡರೆ ನಿನ್ನ ಮಾತು ನನಗೆ ಗೊತ್ತಾದಂತೆಯೇ. ಹಿಟ್ಟಿನಿಂದ ಜೋಳ ಮಾಡಬೇಕಾಗಿಯೇ ಇಲ್ಲ. ಮಾತಿನ ಜೊತೆ ಆಯಾ ಮಗುವಿನದೇ ಇನ್ನೇನಾದರೂ ಸೇರಿಸಿ ಬೀಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ನಮಗೆ ಹೊಳೆದಿರಲಿಲ್ಲ.

ಹಾಗಾದರೆ ಭಾವ ಯಾವುದೋ ದೇವರ ಹೆಸರು ಹೇಳಿ ಗೆದ್ದನೇ? ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಬೀಸಿ ನೋಡಿದೆ. ಬಸವ ಎಪ್ಪತ್ತೇಳು. ಸಿದ್ದರಾಮ ಐವತ್ತೈದು. ಯಾವುದೂ ಇಪ್ಪತ್ತೇಳಕ್ಕೆ ಬರಲಿಲ್ಲ. ಆ ಅಂಕಿ ಆ ಹುಡುಗಿಯೊಬ್ಬಳದೇ, ಬೇರೆ ಯಾವ ಕೊರಳಲ್ಲೂ ಇರಲಿಲ್ಲ. ಎರಡು ದಾರಿಯೂ ಮುಚ್ಚಿದವು. ಆಗ ನನಗೇ ತಾಯಿಯ ಮೇಲೆ ಸಂಶಯ ಬಂತು. ಒಂದು ಮಧ್ಯಾಹ್ನವಿಡೀ ಆಕೆಯೇ ಹೇಳಿಕೊಟ್ಟಿರಬೇಕು ಎಂದು ನಂಬಿಕೊಂಡೆ.

ಉಳಿದದ್ದು ಬಬಲೇಶ್ವರದ ಮೇಲ್ವಿಚಾರಕಿ. ಭಾವ ಹೇಳಿದ ಮಾತನ್ನು ಕಿವಿಯಾರೆ ಕೇಳಿದವಳು ಅವಳೊಬ್ಬಳೇ. ಅವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವಳು, ಲೆಕ್ಕದಲ್ಲಿ ತಪ್ಪುವವಳಲ್ಲ, ನಿಯಮ ಎಂದರೆ ಪ್ರಾಣ. ನಾನು ಹೋಗಿ ಕೇಳಿದ್ದಕ್ಕೆ ಕೈ ಮುಗಿದಳು.

"ಆಡಬಾರ್ದಂತ ಸರ ಹೇಳ್ಯಾರ್ರಿ. ನಿಮ್ಮ ಮುಂದೂ ಆಡಬಾರ್ದು. ನೌಕರಿ ಹೋಗ್ತೈತ್ರೀ ಬಾಯಾರ."

ಎಷ್ಟು ಹೇಳಿದರೂ ಬಾಯಿ ಬಿಡಲಿಲ್ಲ. ನಾನು ಸಿಟ್ಟಿನಿಂದ ಎದ್ದು ಬಾಗಿಲ ತನಕ ಹೋದೆ. ಆಗ ಅವಳು ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಭಾಳ ಹಟಮಾರಿ ಇತ್ರೀ ಆ ಹುಡುಗಿ. ಎಲ್ಲಾ ಹುಡುಗೂರೂ ಮಜ್ಜಿಗಿ ಕುಡದ್ರ ಆಕಿ ವಾಟಗಾ ಹಿಡಕೊಂಡ ಕುಂದರ್ತಿತ್ತು. ಅವತ್ತೂ ವಾಟಗಾ ತುಂಬ ಇತ್ರೀ, ಹಂಗ ಇಟ್ಟ ಹ್ವಾತು."

ನಾನು ತಿರುಗಿ ಬಂದು ಕುಳಿತೆ. ಮಾತು ಹೇಳಬೇಡ, ಅವತ್ತು ಏನು ನಡೆಯಿತೋ ನಡೆದ ಹಾಗೆ ಹೇಳು ಎಂದೆ. ಅವಳು ಮನಸ್ಸಿನಲ್ಲಿ ಹಾಯಿಸಿಕೊಳ್ಳುತ್ತ ಹೇಳತೊಡಗಿದಳು.

"ಹುಡುಗೂರು ಉಣ್ಣಾಕತ್ತಿದ್ವು. ಅಂವ ಬಂದ. ಬಸ್ಸ ಹೋಗ್ತೈತಿ, ಲಗೂನ ಅಂದ. ನಮ್ಮ ತಮ್ಮನ ಮಗಳ ಅದಾಳ, ಕರಕೊಂಡ ಹೋಗಾಕ ಬಂದೇನಿ ಅಂದ. ನಾ ಪಾಟಿ ಬಳಪ ತಗೊಂಡು, ಹೂಂ, ಹೇಳ್ರಿ ಅಂದ್ನಿ. ಅಂವ..." ನಿಂತಳು. ಮರುಕ್ಷಣ, ಆಡುತ್ತಿದ್ದೇನೆ ಎಂಬ ಎಚ್ಚರ ಬರುವ ಮೊದಲೇ, ಬಾಯಿಂದ ಬಂದುಬಿಟ್ಟಿತು. "ಕೊಡ್ರಿ ಅಂದ."

ಅವಳೇ ಮುಂದುವರಿಸಿದಳು. "ರಿ ತಗದ್ನಿ. ಕೊಡ. ಬೀಸಿದ್ನಿ, ಇಪ್ಪತ್ತೇಳು ಬಂತು. ಹುಡುಗೀನ ಕರದ ಕೊಟ್ನಿ. ಸರೀನ ಇತ್ತಲ್ರಿ?"

"ಅಕ್ಕಾ, ಅವ ಮಾತು ಹೇಳಿದನೋ, ಹುಡುಗಿಯನ್ನು ಕೇಳಿದನೋ?"

ಅವಳು ನನ್ನನ್ನೇ ನೋಡಿದಳು. ಆ ಪ್ರಶ್ನೆ ಅವಳ ತಲೆಗೆ ಅಲ್ಲಿಯ ತನಕ ಬಂದೇ ಇರಲಿಲ್ಲ. ಮೆಲ್ಲಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಬಲೇಶ್ವರದಿಂದ ವಿಜಾಪುರಕ್ಕೆ ಅಂದು ಬಸ್ಸಿನಲ್ಲಿ ಬಂದದ್ದು ನನಗೆ ಮರೆಯುವಂಥದ್ದಲ್ಲ. ಚಿಲ್ಲರೆ ಕೊಡ್ರಿ ಎಂದ ಕಂಡಕ್ಟರ್. ಕೂಸನ್ನು ಇತ್ತ ಕೊಡ್ರಿ ಎಂದಳು ಪಕ್ಕದ ಮುದುಕಿ, ನಿಂತಿದ್ದ ತಾಯಿಗೆ. ನಿಲ್ದಾಣದಲ್ಲಿ ಎರಡು ಪೇರಲ ಕೊಡ್ರಿ ಎಂದ ಯಾರೋ. ಒಂದೊಂದು ಸಲವೂ ನನ್ನ ತಲೆಯೊಳಗೆ ಬೀಸುವ ಕಲ್ಲು ತಿರುಗಿ ಇಪ್ಪತ್ತೇಳು ಬೀಳುತ್ತಿತ್ತು. ಕ ಒಂದು. ಡ ಹದಿಮೂರು, ಎರಡನೆಯ ಸ್ಥಾನ, ಇಪ್ಪತ್ತಾರು. ನಮ್ಮ ಸೀಮೆಯಲ್ಲಿ ದಿನ ಬೆಳಗಾದರೆ ಎಲ್ಲರ ಬಾಯಲ್ಲೂ ಓಡಾಡುವ ಮಾತು ನಮ್ಮ ಬಾಗಿಲ ಕೀಲಿಕೈ ಆಗಿತ್ತು. ನನಗೆ ಭಯವಾಯಿತು. ಬಸ್ಸಿನಲ್ಲಿ ಎಲ್ಲರ ಎದುರು ಅತ್ತೆ.

ಮರುದಿನ ಕಾರ್ಯದರ್ಶಿಗಳ ಮೇಜಿನ ಮೇಲೆ ಕಾಗದ ಇಟ್ಟು, ನಾನು ಹೇಳುವ ಶಬ್ದಗಳನ್ನು ಬೀಸಿ ಸರ್ ಎಂದೆ. ಕೊಡ. ಕೂಡು. ಕೋಡು. ಕಡಿ. ಕೇಡು. ಅವರು ಒಂದೊಂದನ್ನೂ ನಿಯಮದ ಪ್ರಕಾರ ಬಿಡಿಸಿ ಬರೆದರು. ಮೂರನೆಯದಕ್ಕೇ ಅವರಿಗೆ ತಿಳಿದುಹೋಗಿತ್ತು, ಆದರೂ ಮಾಸ್ತರರ ರೂಢಿ, ಕೊನೆಯ ತನಕ ಮಾಡಿದರು. ಕಾಡು ಎಂದೆ ಕೊನೆಗೆ. ಅದನ್ನು ಬರೆಯದೆ ಪೆನ್ನು ಕೆಳಗಿಟ್ಟರು.

"ಹೊಟ್ಟು ಅಂತ ಕೇರಿದ್ದ ಕಾಳ ಆಗಿತ್ತು" ಎಂದರು. ಅವರ ಮುಖ ನೋಡಲಾಗಲಿಲ್ಲ.

ಆ ಕಾಗದವನ್ನು ಮಡಚುತ್ತ ಅವರೇ ಅಂದರು: "ಈಗ ಹೊರಗ ಹೇಳಬ್ಯಾಡ್ರಿ. ಹಂಗಾಮ ಮುಗೀಲಿ. ಇಷ್ಟು ಸಸಾರ ಐತಿ ಅಂತ ಗೊತ್ತಾದ್ರ ಉಳದ ಹುಡುಗೂರ ಗತಿ ಏನು? ಯಾಂವ ಬೇಕಾದಾಂವ ಬಂದ ಕರಕೊಂಡ ಹೋಗ್ತಾನ."

ಅದು ಸುಳ್ಳಲ್ಲ. ಆ ಬಾಗಿಲು ಎಷ್ಟು ಸಡಿಲ ಎಂದು ಕಳ್ಳಕವಟಗಿಯ ಚಾವಡಿಯಲ್ಲಿ ನಿಂತು ಹೇಳಿದರೆ ಅದು ಮುಕಾದಮರ ಕಿವಿಗೂ, ಮನೆಯ ವೈರಿಗಳ ಕಿವಿಗೂ ಬೀಳುತ್ತದೆ. ಹೇಳದಿದ್ದರೆ ಅಷ್ಟು ದಿನ ಒಬ್ಬ ತಾಯಿ ಮಗಳನ್ನು ಮಾರಿದವಳಾಗಿಯೇ ಉಳಿಯುತ್ತಾಳೆ, ಹುಡುಗಿಯನ್ನು ಹುಡುಕುವವರು ಯಾರೂ ಇರುವುದಿಲ್ಲ. ಎರಡನ್ನೂ ತೂಗುತ್ತ ಕೂರುವ ತಾಳ್ಮೆ ನನಗಿರಲಿಲ್ಲ. ಬಾಗಿಲನ್ನೇ ಕಿತ್ತು ಹಾಕೋಣ ಸರ್, ಆಮೇಲೆ ಹೇಳೋಣ ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಕತ್ತರಿ ತೆಗೆದುಕೊಂಡು ಹೊರಟೆ.

ಬಬಲೇಶ್ವರದಲ್ಲಿ, ಆಮೇಲೆ ತಿಕೋಟಾದಲ್ಲಿ, ಪ್ರತಿ ಮಗುವಿನ ಕೊರಳ ದಾರ ಕತ್ತರಿಸಿದೆ. ಇನ್ನು ಮೇಲೆ ಮಾತಿಗೆ ಬೆಲೆಯಿಲ್ಲ, ಬಿಟ್ಟು ಹೋದವರೇ ಬಂದು ಮುಖ ತೋರಿಸಬೇಕು, ಅಜ್ಜ ಬಂದರೂ ಕೊಡಬೇಡಿ, ಬೈದರೆ ಬೈಸಿಕೊಳ್ಳಿ ಎಂದೆ. ಖಾಲಾ ಬಿಲ್ಲೆಗಳನ್ನು ಒಂದು ಡಬ್ಬಿಗೆ ಹಾಕುತ್ತ "ಇದನ್ನ ನಾ ಮದಲ ಹೇಳೀನಿ, ಮಾರಿ ನೋಡಿ ಕೊಡ್ರಿ ಅಂತ" ಎಂದು ಗೊಣಗಿದಳು. ಹೇಳಿದ್ದಳೋ ಇಲ್ಲವೋ, ನಾನು ವಾದ ಮಾಡಲಿಲ್ಲ.

ಕಳ್ಳಕವಟಗಿಗೆ ನನ್ನ ಜೊತೆ ಬಬಲೇಶ್ವರದ ಮೇಲ್ವಿಚಾರಕಿಯೂ ಬಂದಳು. ನಾನು ಕರೆದಿರಲಿಲ್ಲ. ನೌಕರಿ ಹೋದರೆ ಹೋಗಲಿ, ಕೇಳಿದವಳು ನಾನು, ಹೇಳುವವಳೂ ನಾನೇ ಎಂದು ಬಸ್ಸು ಹತ್ತಿ ಕುಳಿತಿದ್ದಳು.

ನಾವು ಮೊದಲು ತಾಯಿಯ ಮನೆಗೆ ಹೋದೆವು. ನನ್ನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಆಕೆಯ ಮಾತು ಏನೆಂದು ನನಗೆ ಗೊತ್ತೇ ಇರಲಿಲ್ಲ. ಮೇಲ್ವಿಚಾರಕಿ ಅದನ್ನು ಕೇಳಿದ್ದಳು, ಆದರೆ ತಾಯಿಯ ಗುಟ್ಟನ್ನು ತಾಯಿಯೇ ಆಡಬೇಕು ಎಂದು ಪಟ್ಟು ಹಿಡಿದಿದ್ದಳು. ಆಕೆಯ ಮಾತೇ 'ಕೊಡ' ಆಗಿದ್ದರೆ? ನೀರಿನ ಕೊಡ ಎಲ್ಲ ಹೆಂಗಸರ ಕಣ್ಣ ಮುಂದಿನದು. ಹಾಗಿದ್ದರೆ ನಮ್ಮ ಸಾಕ್ಷಿ ಆಕೆಯನ್ನು ಇನ್ನಷ್ಟು ಆಳಕ್ಕೆ ನೂಕುತ್ತಿತ್ತು. ಮಾತು ಹೇಳು ಅಕ್ಕಾ ಎಂದು ಬೇಡಿಕೊಂಡೆ.

"ಅದೊಂದ ಉಳದೈತ್ರಿ ನನ್ನ ಕೈಯಾಗ" ಎಂದಳು. "ಅದನ್ನೂ ಬಿಟ್ಟ ಕೊಟ್ರ ನಾಳೆ ಆಕೀನ ಏನಂತ ಕೇಳ್ಲಿ?"

ಮಾತು ಈಗ ಸತ್ತುಹೋಗಿದೆ, ಅದರಿಂದ ಯಾರನ್ನೂ ಕರೆದುಕೊಂಡು ಬರಲಾಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಆಕೆ ಎದ್ದು ನಮ್ಮ ಹಿಂದೆ ಚಾವಡಿಗೆ ಬಂದಳು, ಅಷ್ಟೇ.

ಚಾವಡಿಯಲ್ಲಿ ಹಿರಿಯರು ಕುಳಿತಿದ್ದರು. ಭಾವನೂ ಬಂದಿದ್ದ, ತಲೆಗೆ ಹೊಸ ಪಟಗ ಸುತ್ತಿಕೊಂಡು. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಂಕಿಗಳನ್ನು ಬರೆದು ಬೀಸುವ ಲೆಕ್ಕ ತಿಳಿಸಿದೆ. ಹಿರಿಯರಲ್ಲಿ ಒಬ್ಬರು ಜೋಳದ ವ್ಯಾಪಾರ ಮಾಡುವವರು, ಬೇಗ ಹಿಡಿದುಕೊಂಡರು. ಆಮೇಲೆ ನಾನು ಭಾವನ ಕಡೆ ತಿರುಗಿದೆ.

"ನಿನಗೆ ಈಕೆ ಹೇಳಿಕೊಟ್ಟ ಮಾತು ಯಾವುದು?"

ಅವನು ನಕ್ಕ. "ಗುಟ್ಟಿನ ಮಾತ ಮಂದ್ಯಾಗ ಆಡಬಾರ್ದಂತಲ್ರಿ, ನಿಮ್ಮ ಕಾಯ್ದೇನ ಐತಿ."

"ಬಿಲ್ಲೆ ತೆಗೆಸಿದ್ದೇನೆ. ಈಗ ಕಾಯಿದೆ ಇಲ್ಲ. ಹೇಳು."

ಹಿರಿಯರೂ ಹೇಳು ಎಂದರು. ಅವನು ಅತ್ತಿತ್ತ ನೋಡಿ, ಗಂಟಲು ಸರಿ ಮಾಡಿಕೊಂಡು, "ಯಲ್ಲಮ್ಮ" ಎಂದ. ನಾನು ಗೋಡೆಯ ಮೇಲೆ ಬೀಸಿದೆ. ಯ ಇಪ್ಪತ್ತಾರು. ಲ ಐವತ್ತಾರು. ಮ ಎಪ್ಪತ್ತೈದು. ಒಟ್ಟು ನೂರಾ ಐವತ್ತೇಳು, ತೊಂಬತ್ತೇಳು ಕಳೆದರೆ ಅರವತ್ತು. ಜೋಳದ ವ್ಯಾಪಾರಿ ಹಿರಿಯರು ನನಗಿಂತ ಮೊದಲೇ "ಕೂಡಲಿಲ್ಲ" ಎಂದರು.

ಭಾವ ನೆನಪಿಲ್ಲ, ಮರೆತೆ, ಬೇರೆ ಇತ್ತು ಎಂದು ತಡವರಿಸಿದ. ಆಗ ಮೇಲ್ವಿಚಾರಕಿ ಆ ದಿನ ನಡೆದದ್ದನ್ನು ಹೇಳಿದಳು. ನಾನು ಗೋಡೆಯ ಮೇಲೆ ಕೊಡ ಎಂದು ಬರೆದು ಇಪ್ಪತ್ತೇಳು ಬರೆದೆ. ಇನ್ನು ತಾಯಿಯ ಮಾತೊಂದೇ ಬಾಕಿ. ಎಲ್ಲರೂ ಆಕೆಯ ಕಡೆ ನೋಡಿದರು.

ಆಕೆ ಕಂಬದ ಮರೆಯಿಂದ ಹೇಳಿದಳು: "ಕುಡಿ."

ಗಂಡಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಕೆ ತಲೆ ಎತ್ತಿದಳು.

"ನಗಬ್ಯಾಡ್ರಿ. ನನ್ನ ಮಗಳು ಮಜ್ಜಿಗಿ ಕುಡೀತಿದ್ದಿಲ್ಲ. ವಾಟಗಾ ಹಿಡಕೊಂಡು ಕುಡಿ ಕುಡಿ ಅಂತ ಬೆನ್ನ ಹತ್ತತಿದ್ದೆ. ನನ್ನ ಬಾಯಾಗ ಇರೂದ ಅದೊಂದ ಮಾತು. ಯಾರೂ ಕದಿಯಾಂಗಿಲ್ಲ ಅಂತ ಅದನ್ನ ಇಟ್ಟಿದ್ನಿ."

ನಾನು ಕೊಡ ಎಂಬುದರ ಪಕ್ಕದಲ್ಲಿ ಕುಡಿ ಎಂದು ಬರೆದೆ. ಕ ಒಂದು. ಡ ಇಪ್ಪತ್ತಾರು. ಇಪ್ಪತ್ತೇಳು.

ಆಕೆಯ ಮೇಲಿನ ಕಳಂಕ ಅಲ್ಲಿಗೆ ತೊಳೆದುಹೋಯಿತು. ಆ ಸಂಜೆಯೇ ಹಿರಿಯರು ಭಾವನನ್ನು ಠಾಣೆಗೆ ಕರೆದೊಯ್ದರು, ಜಮಾದಾರರು ಬರೆದುಕೊಂಡರು, ಮೀರಜ್ ತನಕ ಹೋದರು. ಅವನು ತೋರಿಸಿದ ಮನೆ ಖಾಲಿಯಾಗಿತ್ತು, ಅಲ್ಲಿದ್ದವರು ಮುಂಬೈ ಕಡೆ ಹೋದರೆಂದು ನೆರೆಯವರು ಹೇಳಿದರು. ಹುಡುಗಿ ಸಿಗಲಿಲ್ಲ. ಮುಂದೆಯೂ ಸಿಗಲಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ.

ನನಗೆ ಇನ್ನೂ ಕಣ್ಣಿಗೆ ಕಟ್ಟಿರುವುದು ಚಾವಡಿಯ ಆ ಹೊತ್ತು. ಜೋಳದ ವ್ಯಾಪಾರಿ ಹಿರಿಯರು ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಅಂದ್ರ ಬಾಯಾರ, ಅಂವಗ ಮಾತ ಗೊತ್ತ ಇರಲಿಲ್ಲ. ಬರೇ ಕೊಡ್ರಿ ಅಂದ. ನೀವು ಕೊಟ್ರಿ. ಇಷ್ಟ ಹೌದಲ್ಲೋ?"

"ಹೌದ್ರಿ, ಇಷ್ಟೇ" ಎಂದೆ.

ತಾಯಿ ಕಂಬದ ಮರೆಯಿಂದ ಹೊರಗೆ ಬಂದಳು. ಅಲ್ಲಿಯ ತನಕ ಆಕೆ ಗಂಡಸರ ಎದುರು ಹಾಗೆ ಬಂದು ನಿಂತವಳಲ್ಲ. ಭಾವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ಎದುರಿಗೆ ನಿಂತು ಸೆರಗಿನ ಎರಡೂ ತುದಿ ಹಿಡಿದು ಒಡ್ಡಿದಳು.

"ನಾನೂ ಅಂತೀನ್ರೀ ಬಾಯಾರ" ಎಂದಳು. "ಕೊಡ್ರಿ."

ನನ್ನ ಕೈಯಲ್ಲಿ ಸೀಮೆಸುಣ್ಣದ ಚೂರು ಬಿಟ್ಟರೆ ಬೇರೇನೂ ಇರಲಿಲ್ಲ.